ಅಂಗೈ ತೆರೆದಿರಲಿ

"ಕುತ್ತಿಗೆಯಲ್ಲಿ ಅದೇನು ಡಿವೈಸ್? ತೆಗೆದು ರೂಮಿನ ಹೊರಗಿಡಿ," ಎಂದಿತು ಲ್ಯಾಪ್‌ಟಾಪಿನೊಳಗಿನ ಹೆಣ್ಣು ದನಿ, ಹಿಂದಿ ಬೆರೆಸಿದ ಇಂಗ್ಲಿಷಿನಲ್ಲಿ. ಪರೀಕ್ಷೆ ಶುರುವಾಗಲು ಇನ್ನು ಒಂಬತ್ತು ನಿಮಿಷವಿತ್ತು.

ರೂಪಶ್ರೀ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದಿನಾ ದೇವರ ಗೂಡಿನ ಮೊಳೆಗೆ ನೇತಾಡುತ್ತಿದ್ದುದನ್ನು ಇವತ್ತು ಪರೀಕ್ಷೆ ಅಂತ ತಾತ ಕರಿಬಸವಯ್ಯನವರೇ ತಂದು ಮೊಮ್ಮಗಳ ಕೊರಳಿಗೆ ಕಟ್ಟಿದ್ದರು.

"ಡಿವೈಸ್ ಅಲ್ಲ ಮೇಡಮ್, ದೇವರು."

"ಬ್ಲೂಟೂತ್ ಇದೆಯಾ?"

ಪರೀಕ್ಷೆ ಇದ್ದದ್ದು ಮೈಸೂರಿನ ಒಂದು ಬಿತ್ತನೆ ಬೀಜದ ಕಂಪನಿಯ ಲ್ಯಾಬ್ ಕೆಲಸಕ್ಕೆ. ಬಿ.ಎಸ್ಸಿ. ಮುಗಿಸಿ ಹರವೆ ಹಳ್ಳಿಯ ಮನೆಯಲ್ಲಿ ಮೂರು ವರ್ಷ ಕೂತವಳಿಗೆ ಬಂದದ್ದು ಇದೊಂದೇ ಕರೆ. ಅದಕ್ಕೇ ಬೆಳಿಗ್ಗೆಯಿಂದ ಆನ್‌ಲೈನ್ ಪರೀಕ್ಷೆ ಕಾಯುವ ಸಾಫ್ಟ್‌ವೇರು ಆಡಿಸಿದಂತೆಲ್ಲ ಆಡಿದ್ದಳು. ಅದು ವಾಟ್ಸಾಪ್ ಮುಚ್ಚಿಸಿತು, ಮೈಕು ಕ್ಯಾಮೆರಾ ಎರಡನ್ನೂ ತನ್ನ ಕೈಗೆ ತೆಗೆದುಕೊಂಡಿತು, ಮೊಬೈಲನ್ನು ಎರಡನೇ ಕ್ಯಾಮೆರಾ ಮಾಡಿ ಬೆನ್ನ ಹಿಂದೆ ರಾಗಿ ಡಬ್ಬದ ಮೇಲೆ ನಿಲ್ಲಿಸಿತು. ಮಂಚದಡಿ ತೋರಿಸು ಅಂದಿತು. ತೋರಿಸಿದರೆ ಆ ಕುಂಬಳಕಾಯಿ ಸರಿಸು ಅಂದಿತು. ಕಣ್ಣು ಅತ್ತಿತ್ತ ಹೊರಳಿದರೆ, ತುಟಿ ಅಲ್ಲಾಡಿದರೆ, ಇನ್ನೊಬ್ಬರ ದನಿ ಕೇಳಿದರೆ ವಾರ್ನಿಂಗ್. ಮೂರು ವಾರ್ನಿಂಗ್ ಬಿದ್ದರೆ ಪರೀಕ್ಷೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ಬಾಗಿಲಾಚೆ ಕಾವಲು ಕೂತಿದ್ದವರು ಕರಿಬಸವಯ್ಯ. ಕರುವನ್ನು ದೂರದ ಹುಣಸೆಮರಕ್ಕೆ ಕಟ್ಟಿ, ಪಕ್ಕದ ಮನೆಯ ದೊಡ್ಡಮಲ್ಲಮ್ಮನಿಗೆ "ಇವತ್ತೊಂದಿನ ಕೂಗಾಡ್ಬ್ಯಾಡ ಕಣವ್ವ" ಎಂದು ಕೈಮುಗಿದು ಬಂದು ಕೂತಿದ್ದರು. ಮೊಮ್ಮಗಳು ಬಾಗಿಲು ತೆರೆದು ವಿಷಯ ಹೇಳಿದಳು.

"ಒಂದೂವರೆ ಗಂಟೆ ಅಷ್ಟೇ ತಾತ, ತೆಗೆದಿಟ್ಬುಡ್ತೀನಿ."

"ತೆಗೆದಿಡಾಕೆ ಅದೇನು ವಾಚಾ? ಕಟ್ಕೊಂಡ್ ಮ್ಯಾಲೆ ಮೈಯಿಂದ ಅಗಲಿಸ್ಬಾರ್ದು."

"ದಿನಾ ಮೊಳೇಲೇ ಇರ್ತಿತ್ತಲ್ಲ? ಆಗೇನೂ ಆಗ್ಲಿಲ್ವಲ್ಲ?"

"ಅದು ನೀನಾಗಿ ಮಾಡಿದ್ ತಪ್ಪು ಕಣಮ್ಮಿ. ಇದು ಇನ್ನೊಬ್ರು ಹೇಳಿ ಮಾಡ್ಸೋ ತಪ್ಪು. ನಾ ಒಪ್ಪಾಕಿಲ್ಲ."

"ಕೆಲ್ಸ ಹೋಯ್ತದೆ ತಾತ!" ಅವಳ ದನಿ ಒಡೆಯಿತು. ಪರದೆಯ ಮೂಲೆಯಲ್ಲಿ ಐದು ನಿಮಿಷ ಉಳಿದಿತ್ತು.

ಮುದುಕರು ಆ ದನಿಗೆ ಕರಗಿದರೋ ಏನೋ, ಎದ್ದು ಒಳಗೆ ಬಂದು ಲ್ಯಾಪ್‌ಟಾಪಿನ ಮುಂದೆ ಬಗ್ಗಿ ನಿಂತರು. "ವಸಿ ಕೇಳವ್ವ ತಾಯಿ," ಎಂದರು ಅದಕ್ಕೆ. "ಕರಡಿಗೆ ಬೇಕಾರೆ ಈಚೆಗಿಕ್ತೀನಿ. ಲಿಂಗ ಮಾತ್ರ ಇವಳ ಎಡಗೈ ಮ್ಯಾಲಿರ್ಲಿ. ಕೈ ಮ್ಯಾಲಿದ್ರೂ ಮೈ ಮ್ಯಾಲಿದ್ದಂಗೇ."

ರೂಪಶ್ರೀ ಅದನ್ನು ಇಂಗ್ಲಿಷಿಗೆ ಬಗ್ಗಿಸಿ ಹೇಳಿ, ಲಿಂಗವನ್ನು ಕ್ಯಾಮೆರಾದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ತೋರಿಸಿದಳು. ಆ ಕಡೆಯವಳು ಯಾರನ್ನೋ ಕೇಳಲು ಹೋದಳು. ಗಡಿಯಾರ ಎರಡು ನಿಮಿಷಕ್ಕೆ ಇಳಿದಾಗ ದನಿ ವಾಪಸು ಬಂತು.

"ಆಗಬಹುದು. ಆದರೆ ಅಂಗೈ ತೆರೆದಿರಲಿ. ಪೂರ್ತಿ ಹೊತ್ತು ಕ್ಯಾಮೆರಾಕ್ಕೆ ಕಾಣಬೇಕು. ಮುಷ್ಟಿ ಮುಚ್ಚಿದರೆ ವಾರ್ನಿಂಗ್. ಕೈ ಕಡೆ ನೋಡಿದರೂ ವಾರ್ನಿಂಗ್. ಆ ಹಿರಿಯರು ಹೊರಗೆ ಹೋಗಲಿ."

ಹತ್ತು ನಿಮಿಷ ಲಿಂಗ ಹಿಡಿದು ಕೂತ್ಕೊ ಅಂದರೆ ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಎದ್ದೋಡುತ್ತಿದ್ದ ಹುಡುಗಿ, ಎಡಗೈಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಬಲಗೈಯಲ್ಲಿ ಮೌಸ್ ಆಡಿಸುತ್ತ, ಅರವತ್ತು ಪ್ರಶ್ನೆಗೆ ಉತ್ತರ ಒತ್ತಿದಳು. ಮೊಣಕೈ ಜೋಮು ಹಿಡಿಯಿತು. ಮುಂಗೈ ಮೇಲೊಂದು ಸೊಳ್ಳೆ ಕೂತು ಹೊಟ್ಟೆ ತುಂಬಿಸಿಕೊಂಡೇ ಎದ್ದಿತು. ಅವಳು ಅದರ ಕಡೆಗೂ ನೋಡಲಿಲ್ಲ.

ಮುಗಿದ ಮೇಲೆ ಬಾಗಿಲು ತೆರೆದವಳ ಮುಖ ಅರಳಿತ್ತು. "ರಿಪೋರ್ಟ್ ಬಂತು ತಾತ! ವಾರ್ನಿಂಗ್ ಸೊನ್ನೆ. ಕಣ್ಣು ಬೇರೆ ಕಡೆ ಹೊರಳಿದ್ದು ಸೊನ್ನೆ. ಮಾರ್ಕ್ಸು ಮುಂದಿನ ವಾರ ಹೇಳ್ತಾರಂತೆ."

"ಒಂದೂವರೆ ಗಂಟೇನೂ ಕೈ ಇಳಿಸ್ಲಿಲ್ವಾ?"

"ಇಲ್ಲ."

"ಲಿಂಗಾನ ಒಂದ್ಸಲನಾರ ನೋಡ್ದಾ?"

ರೂಪಶ್ರೀ ತಲೆ ತಗ್ಗಿಸಿದಳು. "ನೋಡಿದ್ರೆ ವಾರ್ನಿಂಗ್ ಬೀಳ್ತಿತ್ತು ತಾತ."

ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. ಕರಿಬಸವಯ್ಯ ಅವಳ ಮರಗಟ್ಟಿದ ಅಂಗೈಯಿಂದ ಲಿಂಗವನ್ನು ಮೆಲ್ಲಗೆ ಎತ್ತಿ ಕರಡಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಮತ್ತೆ ಅವಳ ಕೊರಳಿಗೆ ಕಟ್ಟಿದರು. ಆಮೇಲೆ ಮೇಜಿನ ಮೇಲೆ ಇನ್ನೂ ತೆರೆದೇ ಇದ್ದ ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿದರು.

"ಅದ್ನ ನಾಳೆ ಬೆಳಿಗ್ಗೆ ಪೂಜೆ ಹೊತ್ನಲ್ಲಿ ವಸಿ ನನ್ ಮುಂದಿಕ್ಕವ್ವ," ಎಂದರು.

"ಯಾಕೆ ತಾತ?"

"ಅರವತ್ತೊರ್ಸದಿಂದ ಲಿಂಗ ಹಿಡ್ಕೊಂಡು ಕುಂತಿವ್ನಿ. ಕಣ್ಣು ಕೈ ಮ್ಯಾಲೇ ಇರ್ತದೆ. ಒಳಗ್ ನೋಡುದ್ರೆ ತೋಟದ್ ಮೋಟ್ರು, ಗುಂಡ್ಲುಪೇಟೆ ಈರುಳ್ಳಿ ಲಾರಿ, ಪಕ್ಕದೋನ್ ಬದು..." ಮುದುಕರು ಅವಳ ಕೊರಳಿನ ಕರಡಿಗೆಯತ್ತ ಬೆರಳು ತೋರಿದರು. "ಇವ್ನೂ ನೋಡ್ತಾನೇ ಅವ್ನೆ ಕಣಮ್ಮಿ. ಆದ್ರೆ ಒಂದ್ಸಲನೂ ವಾರ್ನಿಂಗ್ ಕೊಟ್ಟಿಲ್ಲ."