ಏಳು ಗಂಟೆಯ ಫೋನು

ದಿನಾ ಬೆಳಗ್ಗೆ ಏಳಕ್ಕೆ ಊರಿನ ಎಲ್ಲರ ಫೋನೂ ಒಟ್ಟಿಗೆ ರಿಂಗಾಗುತ್ತದೆ. ನಂಬರ್ ಇರುವುದಿಲ್ಲ, ಆ ಕಡೆಯಿಂದ ಮಾತೂ ಇರುವುದಿಲ್ಲ. ನಮ್ಮತ್ತೆ ಕೊಟ್ರಮ್ಮ ಫೋನನ್ನು ಕಣ್ಣಿಗೊತ್ತಿಕೊಂಡು, "ಶಿವನೇ" ಅಂತ ಮೊಣಕಾಲು ನೋವಿನ ವರದಿ ಒಪ್ಪಿಸುತ್ತಾರೆ. ನನ್ನ ಗಂಡ ಚನ್ನವೀರ, "ದೇವರೂ ಇಲ್ಲ ದಿಂಡರೂ ಇಲ್ಲ, ಲೈನ್ ಕೆಟ್ಟಿದೆ" ಅಂತ ಕಟ್ ಮಾಡುತ್ತಾರೆ. ನಾನು ದೋಸೆ ಮಗುಚುತ್ತಾ, "ಹಲೋ, ಯಾರು?" ಅಂತ ಕೇಳಿ, ಅದಾಗೇ ಕಟ್ಟಾಗುವವರೆಗೆ ಕಾಯುತ್ತೇನೆ.

ಇವತ್ತು ಏಳೂವರೆಯಾದರೂ ಯಾರ ಫೋನೂ ರಿಂಗಾಗಲಿಲ್ಲ.

"ಅವನಿಗೂ ಏನೋ ಕೆಲಸ ಇರ್ತದೆ" ಅಂದರು ಅತ್ತೆ.

"ಅಂತೂ ರಿಪೇರಿ ಮಾಡಿದ್ರು" ಅಂತ ಗಂಡ ನೆಮ್ಮದಿಯಾಗಿ ತಿಂಡಿಗೆ ಕೂತರು. "ನೀನೇನಂತೀಯ?"

"ಗೊತ್ತಿಲ್ಲ ರೀ."

"ಸರಿ, ಚಟ್ನಿ ಎಲ್ಲಿ?"

ಕಾಯಿ, ಮೆಣಸಿನಕಾಯಿ ಜಾರಿನಲ್ಲೇ ಇದ್ದವು. ಮಿಕ್ಸಿ ಹಾಕಿದರೆ ರಿಂಗ್ ಕೇಳಿಸುವುದಿಲ್ಲ.

"ಇವತ್ತು ಚಟ್ನಿಪುಡಿ ಹಚ್ಕೊಳ್ಳಿ" ಅಂದೆ.