ನಿರಿಗೆ ಹಿಡಿದ ಕೊಳವೆ

ದರ್ಜಿ ಬೆಂಕಿಕಡ್ಡಿ ಗೀರುವಾಗ ಅವನ ಹೆಂಡತಿ ಇಪ್ಪತ್ತು ದಿನದ ಮೊಮ್ಮಗಳನ್ನು ಎದೆಗವಚಿಕೊಂಡು ಬಾಗಿಲಾಚೆ ಚಳಿಯಲ್ಲೇ ನಿಂತಿದ್ದಳು. ಹಿಂದಿನ ದಿನ ಹಳೆಯ ಕಬ್ಬಿಣದ ಒಲೆ ಕೋಣೆ ತುಂಬ ಹೊಗೆ ಕಾರಿ, ಕೂಸಿಗೆ ಉಸಿರೇ ಕಟ್ಟಿತ್ತು.

"ತಗಡು ಅಂದ್ರೆ ಬಟ್ಟೆ ಅಲ್ಲ ರೀ, ಬಲ್ಲವರನ್ನ ಕರೀರಿ ಅಂತ ಬಡ್ಕೊಂಡೆ," ಎಂದಳು.

ಅವನು ಕಡ್ಡಿಯನ್ನು ಒಲೆಯೊಳಗಿನ ಕಾಗದಕ್ಕೆ ಹಿಡಿದ. ಹೊಸ ಹೊಗೆಕೊಳವೆ ಒಲೆಯಿಂದ ಹೊಗೆ ಹೋಗುವ ಕಂಡಿಗಿಂತ ದಪ್ಪವಿತ್ತು. ಅಂಗಿ ತೋಳಿನ ತುದಿಗೆ ನಿರಿಗೆ ಹಿಡಿಯುವಂತೆ ಇಕ್ಕಳದಲ್ಲಿ ಅದರ ಅಂಚನ್ನು ಸುತ್ತಲೂ ಮಡಿಸಿ, ಒಳಕ್ಕೆ ಕೂರಿಸಿದ್ದ. ಕಾಗದಕ್ಕೆ ಉರಿ ಹತ್ತಿತು. ಹೊಗೆ ಒಲೆಯ ಬಾಯಿಯವರೆಗೂ ಬಂದು, ತಟ್ಟನೆ ಹಿಂದೆ ಸರಿದು, ಕೊಳವೆಯೊಳಗೆ ಹುಯ್ಯೆಂದು ಏರಿತು. ನಿರಿಗೆಗಳ ಸುತ್ತ ಕಣ್ಣಾಡಿಸಿದ. ಒಂದೆಳೆಯೂ ಸೋರುತ್ತಿರಲಿಲ್ಲ.

"ರೀ, ಸೂರಿನ ಮೇಲೆ ಹೊಗೆ ಬಂತು!" ಹೊರಗಿನಿಂದ ಹೆಂಡತಿ ಕೂಗಿದಳು.

ಅವನು ಒಲೆಗೆ ಒಂದು ಸೌದೆ ತುರುಕಿದ. "ಮತ್ತೆ ಚಳೀಲಿ ಯಾಕೆ ನಿಂತಿದೀಯಾ? ಕೂಸನ್ನ ಒಳಗೆ ತಾರೇ."