ಸೇಸಪ್ಪ ಕಟ್ಟಿದ ಕಸ

ಇದನ್ನೊಮ್ಮೆ ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಸೇಸಪ್ಪನನ್ನು ನೋಡಿ ನಗಿ. ತೊಂಬತ್ತಮೂರರ ಜೂನ್ ತಿಂಗಳ ಒಂದು ಬುಧವಾರ ಬೆಳಿಗ್ಗೆ, ಮಸ್ಕತ್ತಿನ ಅಲ್ ಹೈಲ್ ಕಡಲತೀರದ ತನ್ನ ಮನೆಯಲ್ಲಿ ಅವನು ಕಸವನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿಯುತ್ತಿದ್ದ. ಎರಡು ವರ್ಷದ ಮೇಲೆ ಊರಿಗೆ ರಜೆ, ಮರುದಿನ ಮಧ್ಯಾಹ್ನ ವಿಮಾನ. ಹೊರಡುವ ಮೊದಲು ಮನೆ ಚೊಕ್ಕಟವಾಗಬೇಕೆಂದು ಹೆಂಡತಿ ಉಮಾವತಿಯ ಹಟ. ಚೀಲದಲ್ಲಿ ಇಟ್ಟರೆ ಬೀದಿಯ ಆಡುಗಳು ಹರಿದು ಇಡೀ ತೀರಕ್ಕೆ ಹಂಚುತ್ತವೆ, ಭದ್ರವಾಗಿ ಕಟ್ಟಿ ಎಂದು ಹೇಳಿದವಳೂ ಅವಳೇ.

ಭದ್ರವಾಗಿ ಕಟ್ಟುವುದರಲ್ಲಿ ಸೇಸಪ್ಪನನ್ನು ಮೀರಿಸುವವರಿರಲಿಲ್ಲ. ಊರಿಗೆ ಹೊರಟ ಕರಾವಳಿಯವರೆಲ್ಲ ಪೆಟ್ಟಿಗೆ ಕಟ್ಟಿಸಲು ಅವನ ಬಾಗಿಲಿಗೇ ಬರುತ್ತಿದ್ದರು. ನೀಲಿ ನೈಲಾನ್ ಹಗ್ಗ, ಉದ್ದಕ್ಕೆ ಮೂರು ಸುತ್ತು, ಅಡ್ಡಕ್ಕೆ ನಾಲ್ಕು, ಮೇಲೊಂದು ಹಿಡಿಕೆ. ಬೊಂಬಾಯಿಯಲ್ಲಿ ಎತ್ತಿ ಒಗೆದರೂ ಗಂಟು ಮಿಸುಕುತ್ತಿರಲಿಲ್ಲ. ಈಗಲೂ ಕೈ ರೂಢಿಯಲ್ಲೇ ಓಡಿತು. ಒಡೆದ ಮಿಕ್ಸಿ ಜಾರು, ಕೆಟ್ಟ ಇಸ್ತ್ರಿಪೆಟ್ಟಿಗೆ, ತುಕ್ಕು ಹಿಡಿದ ಹಾಲಿನಪುಡಿ ಡಬ್ಬಿಗಳು, ಒಂಟಿ ಚಪ್ಪಲಿ, ಇಷ್ಟನ್ನೂ ಒಳಗೆ ಹಾಕಿ ಬಿಗಿದು, ಮಾರ್ಕರ್ ತೆಗೆದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೂಬಿಟ್ಟ: ಸೇಸಪ್ಪ, ಅಲ್ ಹೈಲ್‌ನಿಂದ ಮಂಗಳೂರು, ವಯಾ ಬಾಂಬೆ.

ಹನ್ನೊಂದು ಗಂಟೆಗೆ ಕಸದ ಲಾರಿಯವರು, ಅವನು ರಸ್ತೆಬದಿಯ ತೊಟ್ಟಿಯ ಬಳಿ ಇಟ್ಟು ಬಂದಿದ್ದ ಪೆಟ್ಟಿಗೆಯನ್ನು ಹೊತ್ತು ತಂದು ಮನೆ ಬಾಗಿಲಲ್ಲಿ ಇಟ್ಟರು. ಹೀಗೆಲ್ಲ ಲಗೇಜನ್ನು ರಸ್ತೆಯಲ್ಲಿ ಬಿಡಬಾರದು ಎಂದು ಬುದ್ಧಿ ಹೇಳಿದರು. ಸೇಸಪ್ಪ ನಿಜ ಹೇಳಲಾಗದೆ ಶರಬತ್ತು ಕುಡಿಸಿ ಕಳಿಸಿದ. ಗಂಟು ಬಿಚ್ಚಿ ಮಾರಾಯ್ರೆ ಎಂದಳು ಉಮಾವತಿ. ತಾನು ಹಾಕಿದ ಗಂಟನ್ನು ತಾನೇ ಬಿಚ್ಚುವುದೆಂದರೆ ಅವನಿಗೆ ಮೀಸೆ ಬೋಳಿಸಿಕೊಂಡ ಹಾಗೆ. ಸಂಜೆ ದೂರದ ತೊಟ್ಟಿಗೆ ಹಾಕಿ ಬಂದ. ಅರ್ಧ ಗಂಟೆಯಲ್ಲಿ ಮೀನು ಹಿಡಿಯುವ ಅರಬಿ ಮುದುಕನೊಬ್ಬ ಅದನ್ನು ಪಿಕಪ್ಪಿನಲ್ಲಿ ಹೇರಿಕೊಂಡು, ಹೆಸರು ಕೇಳುತ್ತಾ ಮನೆ ಹುಡುಕಿ ಬಂದ. ಊರಿಗೆ ಹೋಗುವವರಲ್ಲವೇ ಎಂದು ಒಂದು ದೊಡ್ಡ ಅಂಜಲ್ ಮೀನನ್ನೂ ಕೊಟ್ಟ.

ಗುರುವಾರ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಸೇಸಪ್ಪ ಟ್ಯಾಕ್ಸಿ ನಿಲ್ಲಿಸಿ, ಮಾರ್ಕೆಟಿನ ಹಿಂದಿನ ಕಸದ ಡ್ರಮ್ಮಿನ ತಳಕ್ಕೆ ಪೆಟ್ಟಿಗೆಯನ್ನು ಇಳಿಸಿ, ಮೇಲಿಂದ ಕೋಸಿನ ಎಲೆ ಮುಚ್ಚಿದ. ಇನ್ನು ಮುಗಿಯಿತು ಎಂದು ಕೈ ತೊಳೆದುಕೊಂಡ.

ಏರ್‌ಪೋರ್ಟಿನಲ್ಲಿ ಕಂಬಿಯ ಆಚೆ ಕಳಿಸಿಕೊಡಲು ಬಂದವರ ಗುಂಪು. ಅದನ್ನು ಸೀಳಿಕೊಂಡು ಓಡಿ ಬಂದವನು ಮಹಮೂದ್, ಮಾರ್ಕೆಟಿನಲ್ಲಿ ದಿನಸಿ ಅಂಗಡಿ ಇಟ್ಟ ಬಂಟ್ವಾಳದ ಬ್ಯಾರಿ. ಬೆವರಿನಲ್ಲಿ ಮಿಂದಿದ್ದ. ತಲೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಇನ್ನೂ ಒಂದು ಕೋಸಿನ ಎಲೆ.

"ಸೇಸಪ್ಪಣ್ಣ, ಯಾರೋ ಕಳ್ಳ ಇದನ್ನು ಕಸದಲ್ಲಿ ಅಡಗಿಸಿಟ್ಟಿದ್ದ ಮಾರಾಯ್ರೆ. ನಿಮ್ಮ ಗಂಟು ನೋಡಿಯೇ ಗುರುತು ಹಿಡಿದೆ. ಅಂಗಡಿ ಬಾಗಿಲು ಹಾಕಿ ಬಂದದ್ದು."

ಸೇಸಪ್ಪ ಈ ಸಲ ನಿಜ ಹೇಳಲೆಂದೇ ಬಾಯಿ ತೆರೆದ.

"ನನ್ನದೂ ಒಂದು ಸ್ವಾರ್ಥ ಉಂಟು," ಎಂದ ಮಹಮೂದ್. "ಊರಲ್ಲಿರುವ ಉಮ್ಮನಿಗೆ ಒಂದು ಶಾಲು, ಅದರ ಮಡಿಕೆಯಲ್ಲಿ ನನ್ನ ಮಗಳ ಫೋಟೋ. ಮೊಮ್ಮಗಳ ಮುಖ ಅವರು ಇನ್ನೂ ನೋಡಿಲ್ಲ. ಮೂಲೆಯ ಸಂದಿನಲ್ಲಿ ಒಳಗೆ ತೂರಿಸಿದ್ದೇನೆ. ನಿಮ್ಮ ಗಂಟನ್ನು ಇಲ್ಲಿ ಯಾರು ಬಿಚ್ಚುತ್ತಾರೆ, ಅದು ಊರಲ್ಲೇ ಬಿಚ್ಚಬೇಕು."

ಸೇಸಪ್ಪ ತೆರೆದ ಬಾಯಿ ಮುಚ್ಚಿ, ಕಂಬಿಯ ಮೇಲಿಂದ ಪೆಟ್ಟಿಗೆಯನ್ನು ಇಳಿಸಿಕೊಂಡು ಕೌಂಟರಿಗೆ ಒಯ್ದ. ಕೌಂಟರಿನವನು ವಿಮಾನ ಭರ್ತಿ ಎಂದ. ಸೂಟ್‌ಕೇಸುಗಳು ಆಗಲೇ ಒಳಗೆ ಹೋಗಿದ್ದವು. ಇನ್ನು ಒಂದೇ ಪೆಟ್ಟಿಗೆ, ಯಾವುದು ಎಂದು ನೀವೇ ಹೇಳಿ ಎಂದು ಪೆನ್ನು ತಟ್ಟುತ್ತಾ ಕುಳಿತ. ಅವರು ಮನೆಯಿಂದ ತಂದಿದ್ದ ಇನ್ನೊಂದು ಪೆಟ್ಟಿಗೆಯಲ್ಲಿದ್ದದ್ದು ತನ್ನ ತಂಗಿ ಮೋಹಿನಿಯ ಮದುವೆಗೆಂದು ಉಮಾವತಿ ಎರಡು ವರ್ಷದಿಂದ ಕೂಡಿಟ್ಟ ಸೀರೆ, ಕಂಬಳಿ, ಗಾಜಿನ ಡಿನ್ನರ್ ಸೆಟ್ಟು.

"ಮಹಮೂದನಿಗೆ ನಿಜ ಹೇಳಿ," ಎಂದು ಉಮಾವತಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

"ಇಷ್ಟು ಜನರ ಎದುರು? ಕಸಕ್ಕೆ ವಿಳಾಸ ಬರೆದವ ನಾನು ಅಂತ?"

"ಮತ್ತೆ ತಂಗಿಯ ಮದುವೆಗೆ ನಾನು ಇಸ್ತ್ರಿಪೆಟ್ಟಿಗೆ ಕೊಡುವುದಾ? ಅದು ಬಿಸಿಯೂ ಆಗುವುದಿಲ್ಲ."

ಸೇಸಪ್ಪ ಕಂಬಿಯ ಕಡೆ ನೋಡಿದ. ಮಹಮೂದ್ ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ, ಬೆವರೋ ಏನೋ. ಸೇಸಪ್ಪ ಬಗ್ಗಿ ಕಸದ ಪೆಟ್ಟಿಗೆಯನ್ನು ಎತ್ತಿ ತಕ್ಕಡಿಯ ಮೇಲಿಟ್ಟ. ಅದು ರಬ್ಬರ್ ಪಟ್ಟಿಯ ಮೇಲೆ ಗಂಭೀರವಾಗಿ ಒಳಗೆ ಸಾಗಿತು. ಉಮಾವತಿಯ ಮುಖ ನೋಡುವ ಧೈರ್ಯವಿಲ್ಲದೆ, ಮದುವೆಯ ಪೆಟ್ಟಿಗೆಯನ್ನು ಮಹಮೂದನ ಅಂಗಡಿಯಲ್ಲಿ ಇಡಿಸೋಣವೆಂದು ಎಳೆದುಕೊಂಡು ಕಂಬಿಯ ಬಳಿ ಬಂದ. ನನ್ನಿಂದಾಗಿ ನಿಮ್ಮ ಸಾಮಾನು ಉಳಿಯಿತಾ ಎಂದು ಮಹಮೂದ್ ಅಳುಮೋರೆ ಮಾಡಿದ. ಅದನ್ನು ಕಂಡು ಸೇಸಪ್ಪನಿಗೆ ತಡೆಯಲಾಗಲಿಲ್ಲ.

"ಛೆ, ಇದರಲ್ಲಿ ಅಂಥದ್ದೇನಿಲ್ಲ ಮಾರಾಯ. ಬೇಡದ ಹಳೆ ಸಾಮಾನು."

ಮಹಮೂದನ ಮುಖ ಅರಳಿತು. ಪೆಟ್ಟಿಗೆಯನ್ನು ಒಂದೇ ಸಲಕ್ಕೆ ತಲೆಗೇರಿಸಿಕೊಂಡ.

"ಹಾಗೋ, ಹಾಗಾದರೆ ಚಿಂತೆ ಬಿಡಿ. ಹೋಗುವ ದಾರಿಯಲ್ಲಿ ನಾನೇ ಕಸದ ಡ್ರಮ್ಮಿಗೆ ಹಾಕಿಬಿಡುತ್ತೇನೆ."

ಅವನು ಹೊರಟ. ಹಿಂದೆ ಉಮಾವತಿ, ಮುಂದೆ ಗುಂಪಿನ ಮೇಲೆ ದೂರದೂರ ತೇಲಿಹೋಗುತ್ತಿರುವ ಡಿನ್ನರ್ ಸೆಟ್ಟು, ನಡುವೆ ಸೇಸಪ್ಪ. ನೀವೇ ಹೇಳಿ, ಆ ಗಳಿಗೆಯಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?